ವಿಲಾಯತಿಯ ಸುದ್ದಿಯೂ ನಮ್ಮ ಹಾಡೂ

ದಿನಪತ್ರಿಕೆಯನ್ನು ಓದುವುದರಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಕ್ರಮ ರೂಢಿಯಾಗಿದೆ. ಮೊದಲು ಜಿಲ್ಲೆಯ ವಾರ್ತೆ. ಬಳಿಕ ಪೇಟೆಯ ಧಾರಣೆ. ಆಮೇಲೆ ಆಟದ ಪುಟ, ಚಲಚ್ಚಿತ್ರದ ಪುಟ. ಪರದೇಶದ ಸಮಾಚಾರಕ್ಕೆ ವೇಳೆ ಉಳಿದರೆ ಉಂಟು, ಉಳಿಯದಿದ್ದರೆ ಇಲ್ಲ. ಯೂರೋಪಿನ ವಾರ್ತೆಯೆಂದರೆ ಎಲ್ಲಿಯೋ ಒಂದು ಮಂತ್ರಿಮಂಡಲ ಬಿದ್ದುದು, ಯಾವುದೋ ರಾಜಧಾನಿಯಲ್ಲಿ ಮುಷ್ಕರ ನಡೆದುದು, ಹೆಸರನ್ನು ಉಚ್ಚರಿಸಲು ಬಾರದ ಒಂದು ಊರಿನ ಮೇಲೆ ಬಾಂಬು ಬಿದ್ದುದು. ಅದನ್ನು ಓದಿ ನಾವು ಪುಟ ಮಗುಚುತ್ತೇವೆ. ಮಗುಚಿದೊಡನೆ ಚಲಚ್ಚಿತ್ರದ ಪುಟದಲ್ಲಿ ಅದೇ ಯೂರೋಪು ಇನ್ನೊಂದು ವೇಷದಲ್ಲಿ ಎದುರಾಗುತ್ತದೆ: ಹಿಮದ ಬೆಟ್ಟ, ಕಲ್ಲುಹಾಸಿನ ಬೀದಿ, ಅರಮನೆಯ ಅಂಗಳ, ಅದರ ಮುಂದೆ ಕುಣಿಯುವ ನಮ್ಮ ನಾಯಕ ನಾಯಿಕೆಯರು. ಒಂದು ಪುಟದ ಯೂರೋಪಿಗೂ ಇನ್ನೊಂದು ಪುಟದ ಯೂರೋಪಿಗೂ ಏನಾದರೂ ಸಂಬಂಧವಿದ್ದೀತೆಂದು ನಮಗೆ ತೋರುವುದಿಲ್ಲ.

ಆದರೆ 2022ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಒಂದು ವಾರ ಈ ಎರಡು ಪುಟಗಳೂ ಒಂದೇ ದೇಶದ ಮಾತನ್ನು ಆಡಿದುವು. ಮಾರ್ಚ್ 21ರ ಸೋಮವಾರ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನಾದ ನವೀನ್ ಗ್ಯಾನಗೌಡರ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಪಾರ್ಥಿವ ಶರೀರ ಉಕ್ರೇನ್ ದೇಶದಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಹುಟ್ಟೂರನ್ನು ಸೇರಿತು. ನಾಲ್ಕು ದಿನ ಕಳೆದು, ಮಾರ್ಚ್ 25ರ ಶುಕ್ರವಾರ, 'ಆರ್‌ಆರ್‌ಆರ್' ಎಂಬ ತೆಲುಗು ಚಿತ್ರ ದೇಶವೆಲ್ಲ ತೆರೆಕಂಡಿತು. ತೆಲುಗಿನಲ್ಲಿ 'ನಾಟು ನಾಟು' ಎಂದೂ ಕನ್ನಡದಲ್ಲಿ 'ಹಳ್ಳಿ ನಾಟು' ಎಂದೂ ಮನೆಮಾತಾದ ಅದರ ಹಾಡನ್ನು ಚಿತ್ರಿಸಿದ್ದು ಉಕ್ರೇನಿನ ರಾಜಧಾನಿ ಕೀವ್ ನಗರದ ಮಾರಿಯಿನ್‌ಸ್ಕಿ ಅರಮನೆಯ ಮುಂದೆ, 2021ರ ಆಗಸ್ಟ್ ತಿಂಗಳಿನಲ್ಲಿ. ಒಂದೇ ದೇಶದಿಂದ ಒಂದೇ ವಾರದಲ್ಲಿ ನಮಗೆ ಒಂದು ಶವವೂ ಒಂದು ಹಾಡೂ ಬಂದುವು. ಶವವನ್ನು ಕಂಡು ಮರುಗಿದವರೂ ಹಾಡನ್ನು ಕಂಡು ಶಿಳ್ಳೆ ಹೊಡೆದವರೂ ಬಹುಮಟ್ಟಿಗೆ ಒಂದೇ ಜನ. ಹಾಗಿದ್ದರೂ ಈ ಎರಡನ್ನು ಕೂಡಿಸಿ ನೋಡುವ ಕಣ್ಣು ನಮಗೆ ಒದಗಲಿಲ್ಲ. ಇದು ಜನರ ಹೃದಯದಲ್ಲಿರುವ ಕೊರತೆಯೆಂದು ನಾನು ಭಾವಿಸುವುದಿಲ್ಲ. ಸುದ್ದಿಯನ್ನು ಹಾಡಿಗೂ ಹಾಡನ್ನು ಸುದ್ದಿಗೂ ಜೋಡಿಸುವ ಒಂದು ಸಾಧನ ನಮ್ಮ ಸೀಮೆಯಲ್ಲಿ ಹಿಂದೆ ಇತ್ತು; ಈಗ ಅದು ಕೈತಪ್ಪಿದೆ ಎಂಬುದೇ ನನ್ನ ಅಭಿಪ್ರಾಯ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಬಬಲೇಶ್ವರ ತಾಲ್ಲೂಕಿನ ನಿಡೋಣಿಯವನು. ನಮ್ಮ ಹಿರಿಯರ ಬಾಯಲ್ಲಿ 'ಯೂರೋಪು' ಎಂಬ ಶಬ್ದ ಇರಲಿಲ್ಲ, 'ವಿಲಾಯತಿ' ಎಂಬುದಿತ್ತು. ವಿಲಾಯತಿಯೆಂದರೆ ಅವರಿಗೆ ಭೂಪಟದ ಮೇಲಿನ ಒಂದು ದ್ವೀಪವಲ್ಲ, ಹುಕುಮುಗಳು ಹೊರಡುವ ಸ್ಥಳ. ಕಂದಾಯ ಏರಿದರೆ ವಿಲಾಯತಿಯ ಹುಕುಮು. ಕಾಯಿದೆ ಬದಲಾದರೆ ವಿಲಾಯತಿಯ ಹುಕುಮು. ನಮ್ಮೂರಿನಿಂದ ತೆಂಕಣಕ್ಕೆ ನಡೆದು ಕೃಷ್ಣೆಯನ್ನು ದಾಟಿದರೆ ಸಿಕ್ಕುವ ಮುಧೋಳ ತಾಲ್ಲೂಕಿನಲ್ಲಿ ಹಲಗಲಿಯೆಂಬ ಗ್ರಾಮವಿದೆ. 1857ರಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಈ ಸಂಗತಿಯನ್ನು ಕುರಿತ ಲಾವಣಿಯನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಓದಿದವರಿಗೆ ಒಂದು ಅಂಶ ನೆನಪಿರಬೇಕು: ಆ ಲಾವಣಿಯ ಕಥೆ ಹಲಗಲಿಯಲ್ಲಿ ಮೊದಲಾಗುವುದಿಲ್ಲ, ವಿಲಾಯತಿಯಿಂದ ಹೊರಟ ಹುಕುಮಿನಿಂದ ಮೊದಲಾಗುತ್ತದೆ.

ಅಧ್ಯಾಪಕನಾಗಿ ಆ ಲಾವಣಿಯನ್ನು ವೀರಗೀತವೆಂದೂ ಸ್ವಾತಂತ್ರ್ಯ ಸಂಗ್ರಾಮದ ಗೀತವೆಂದೂ ನಾನು ಪಾಠ ಹೇಳಿದ್ದೇನೆ, ಅದು ಸರಿಯಾದುದೇ. ಆದರೆ ಅದನ್ನು ಒಂದು ವಾರ್ತಾಪತ್ರವೆಂದೂ ಓದಬಹುದು. ಯೂರೋಪಿನ ಒಂದು ರಾಜಧಾನಿಯಲ್ಲಿ ಆದ ನಿರ್ಣಯ ಎಷ್ಟು ಕೈಗಳನ್ನು ದಾಟಿ, ಕಡೆಗೆ ಯಾವ ಓಣಿಯ ಯಾವ ಮನೆಯ ಬಾಗಿಲಿಗೆ ಬಂದು ನಿಂತಿತು ಎಂಬುದನ್ನು ಅದು ಹೇಳುತ್ತದೆ. ಅಧಿಕಾರಿ ಬಂದುದು, ಮಾತುಕತೆ ಮುರಿದುದು, ಕಾಳಗವಾದುದು ಎಲ್ಲವೂ ಕ್ರಮವಾಗಿ ಬರುತ್ತವೆ. ಹನುಮ, ಬಾಲ, ಜಡಗ, ರಾಮ ಎಂದು ಕಾದಿದವರ ಹೆಸರುಗಳು ಬರುತ್ತವೆ. ಕೊನೆಗೆ ಲೂಟಿಯಾದ ಸಾಮಾನುಗಳ ಪಟ್ಟಿಯೊಂದು ಬರುತ್ತದೆ: ಒಕ್ಕಲುತನದ ಕಬ್ಬಿಣದಿಂದ ಹಿಡಿದು ಅಡುಗೆಮನೆಯ ಉಪ್ಪು ಎಣ್ಣೆಗಳವರೆಗೆ. ನಾನು ಬಹುವಾಗಿ ಮೆಚ್ಚುವುದು ಈ ಪಟ್ಟಿಯನ್ನು. ಸಾಮ್ರಾಜ್ಯಗಳ ಇತಿಹಾಸವನ್ನು ಬರೆದವರು ಯಾರೂ ಎಣ್ಣೆಯ ಗಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಲಾವಣಿಕಾರ ತೆಗೆದುಕೊಂಡ. ದೂರದ ಸುದ್ದಿಗೆ ಆತ ಹತ್ತಿರದ ಅಳತೆಗೋಲನ್ನು ಇಟ್ಟ.

ಇಂಥ ಹಾಡು ಒಂದು ಊರಿನಲ್ಲಿ ಹುಟ್ಟಿ ಆ ಊರಿನಲ್ಲಿಯೇ ಉಳಿಯುತ್ತಿರಲಿಲ್ಲ. ಡಪ್ಪು, ತುಂತುಣಿಗಳ ಜೊತೆಗೆ ಅದು ಜಾತ್ರೆಯಿಂದ ಜಾತ್ರೆಗೆ ನಡೆಯುತ್ತಿತ್ತು. ಹರದೇಶಿ ನಾಗೇಶಿಯವರ ಸವಾಲು ಜವಾಬುಗಳ ನಡುವೆ ಕೇಳಿಬರುತ್ತಿತ್ತು. ಆ ಕಾಲದ ಸರ್ವಜನಪ್ರಿಯ ಕಲೆಯೇ ಅದು. ಇಂದಿನ ಚಿತ್ರಗೀತಕ್ಕೆ ಇರುವ ಸ್ಥಾನವೇ ಅದಕ್ಕಿತ್ತು. ಮನರಂಜನೆಗಾಗಿ ಕುಳಿತವನಿಗೆ ವಾರ್ತೆಯೂ ಸಿಕ್ಕುತ್ತಿತ್ತು. ವಿನೋದದ ಸಂಗತಿಯೆಂದರೆ, ಈ ಹಾಡುಗಳ ಬೆಲೆಯನ್ನು ಮೊದಲು ಮನಗಂಡವರಲ್ಲಿ ವಿಲಾಯತಿಯವನೇ ಒಬ್ಬನಿದ್ದ. ನಮ್ಮ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಸರಕಾರಿ ಅಧಿಕಾರಿಯಾಗಿ ಈ ಸೀಮೆಯಲ್ಲಿದ್ದಾಗ ಲಾವಣಿಗಳನ್ನು ಬರೆಯಿಸಿಕೊಂಡು, 1880ರ ದಶಕದಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಎಂಬ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದನು. ಹಲಗಲಿಯ ಹಾಡು ಹಾಗೆ ಯೂರೋಪಿನ ವಿದ್ವಾಂಸರ ಮೇಜಿನ ಮೇಲೂ ಕುಳಿತಿತು. ಹುಕುಮು ಬಂದ ದಾರಿಯಲ್ಲಿಯೇ ಹಾಡು ಹಿಂದಿರುಗಿ ಹೋಯಿತು. ನಮ್ಮವರೇ ಆದ ಹಲಸಂಗಿಯ ಗೆಳೆಯರು 1930ರ ದಶಕದಲ್ಲಿ ಹಳ್ಳಿಯ ಹಾಡುಗಳನ್ನು ಪುಸ್ತಕಗಳಾಗಿ ತಂದುದು ಆಮೇಲಿನ ಮಾತು.

ಇನ್ನು ಅಚ್ಚಿನ ವಾರ್ತಾಪತ್ರದ ಕಥೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಿತು. ಹೊರಡಿಸಿದವನು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಹದಿನೈದು ದಿನಗಳಿಗೊಮ್ಮೆ ಕಲ್ಲಚ್ಚಿನಲ್ಲಿ ಬರುತ್ತಿದ್ದ ಆ ಹಾಳೆಯಿಂದ ಕನ್ನಡಕ್ಕೆ ಹೊಸದೊಂದು ಗದ್ಯ ಬಂದಿತು: ತೇದಿ, ಸ್ಥಳ, ಸಂಖ್ಯೆಗಳನ್ನು ತಪ್ಪದೆ ಹೇಳುವ ಗದ್ಯ. ಇದು ಸಣ್ಣ ಲಾಭವಲ್ಲ. ಲಾವಣಿಕಾರ ಹತ್ತು ಮಂದಿಯನ್ನು ನೂರು ಮಾಡಬಲ್ಲ, ಸೋಲನ್ನು ಗೆಲುವಿನ ರಾಗದಲ್ಲಿ ಹಾಡಬಲ್ಲ. ಪತ್ರಿಕೆಯವನಿಗೆ ಆ ಸ್ವಾತಂತ್ರ್ಯವಿಲ್ಲ. ಪತ್ರಿಕೆ ಬಂದುದರಿಂದ ನಾವು ಲೋಕವನ್ನು ಹೆಚ್ಚು ನಿಷ್ಕೃಷ್ಟವಾಗಿ ತಿಳಿದೆವು. ಆದರೆ ಅದೇ ಕಾಲದಿಂದ ಸುದ್ದಿ ಒಂದು ಕಡೆಗೂ ಹಾಡು ಇನ್ನೊಂದು ಕಡೆಗೂ ಹೋದುವು. ಸುದ್ದಿಗೆ ತೇದಿ ಉಳಿಯಿತು, ಎಣ್ಣೆಯ ಗಡಿಗೆ ಹೋಯಿತು. ಹಾಡಿಗೆ ಕುಣಿತ ಉಳಿಯಿತು, ಊರು ಹೋಯಿತು.

ಹಾಡಿನಿಂದ ಊರು ಹೋದುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ನಮ್ಮ ಕಾಲೇಜಿನ ಗ್ಯಾದರಿಂಗಿನಲ್ಲಿ ಒಂದು ವರ್ಷ ನಾಲ್ವರು ಹುಡುಗರು 'ಹಳ್ಳಿ ನಾಟು' ಹಾಡಿಗೆ ಕುಣಿದು ಎಲ್ಲರ ಚಪ್ಪಾಳೆ ಪಡೆದರು. ನಿಜಕ್ಕೂ ಚೆನ್ನಾಗಿ ಕುಣಿದರು. ಮರುದಿನ ತರಗತಿಯಲ್ಲಿ, ಆ ಚಿತ್ರದಲ್ಲಿ ಕಾಣುವ ಅರಮನೆ ಯಾವುದೆಂದು ಕೇಳಿದೆ. "ಅದು ಸೆಟ್ ಐತ್ರೀ ಸರ, ಹೈದರಾಬಾದನ್ಯಾಗ ಹಾಕ್ಯಾರ" ಎಂದ ಒಬ್ಬ. "ಇಂಗ್ಲೆಂಡಿನ ರಾಣಿ ಅರಮನಿ ಇರಬೇಕ್ರಿ" ಎಂದಳು ಒಬ್ಬ ಹುಡುಗಿ. ಅದು ಹದಿನೆಂಟನೆಯ ಶತಮಾನದಲ್ಲಿ ರಶಿಯದ ರಾಣಿ ಎಲಿಜಬೆತ್ತಳಿಗಾಗಿ ಕಟ್ಟಿದುದೆಂದೂ, ಉಕ್ರೇನಿನ ಅಧ್ಯಕ್ಷರ ಔಪಚಾರಿಕ ನಿವಾಸವೆಂದೂ, ಹಾಡು ಚಿತ್ರಿತವಾದ ಆರು ತಿಂಗಳಿಗೆ ಆ ನಗರದ ಮೇಲೆ ಕ್ಷಿಪಣಿಗಳು ಬಿದ್ದುವೆಂದೂ ಹೇಳಿದಾಗ ತರಗತಿ ಕೆಲವು ಕ್ಷಣ ಮೌನವಾಯಿತು. ಕುಣಿದ ಹುಡುಗರಲ್ಲಿ ಒಬ್ಬ, "ಮೊದಲ ಹೇಳಿದ್ರ ಚಲೋ ಇತ್ತರಿ ಸರ" ಎಂದ. ಮೊದಲೇ ತಿಳಿದಿದ್ದರೆ ಕುಣಿಯುತ್ತಿರಲಿಲ್ಲ ಎಂದು ಅವನ ಅರ್ಥವಾಗಿರಲಾರದು. ಕುಣಿಯುವಾಗ ಅದು ಮನಸ್ಸಿನಲ್ಲಿ ಇರುತ್ತಿತ್ತು ಎಂದಿರಬೇಕು.

ಚಿತ್ರ ಮಾಡಿದವರನ್ನು ನಾನು ದೂರುತ್ತಿಲ್ಲ. ಅವರ ಕಥೆ 1920ರ ಕಾಲದ ಭಾರತದ್ದು. ಆಂಗ್ಲ ಗವರ್ನರನ ಬಂಗಲೆ ಅವರಿಗೆ ಬೇಕಾಗಿತ್ತು. ಕೀವ್ ನಗರದ ಅರಮನೆ ಅದಕ್ಕೆ ಒಪ್ಪಿತು. ದೇಶವನ್ನು ಪರದೆಯನ್ನಾಗಿ ಬಳಸುವ ಪದ್ಧತಿ ನಮ್ಮಿಂದಲೇ ಹುಟ್ಟಿದುದೂ ಅಲ್ಲ. ಜರ್ಮನ್ ನಿರ್ದೇಶಕ ಫ್ರಿಟ್ಜ್ ಲಾಂಗ್ 1959ರ ತನ್ನ ಚಿತ್ರಕ್ಕಾಗಿ 'ಎಶ್ನಾಪುರ' ಎಂಬ ಇಲ್ಲದ ರಾಜ್ಯವೊಂದನ್ನು ಕಲ್ಪಿಸಿ, ಉದಯಪುರದ ಅರಮನೆಗಳನ್ನು ಅದಕ್ಕೆ ಹಿನ್ನೆಲೆಯಾಗಿಸಿದನು. ಅಂದು ನಾವು ಅವರಿಗೆ ಪರದೆಯಾಗಿದ್ದೆವು, ಇಂದು ಅವರು ನಮಗೆ ಪರದೆಯಾಗಿದ್ದಾರೆ. ಲೆಕ್ಕ ಸರಿಹೋಯಿತೆಂದು ತೃಪ್ತಿಪಡಬಹುದು. ಆದರೆ ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಲಿಲ್ಲ ಎಂಬ ನಷ್ಟ ಹಾಗೆಯೇ ಉಳಿಯುತ್ತದೆ.

ಇನ್ನು ಸುದ್ದಿಯ ಕಡೆಗೆ ಬರೋಣ. 2022ರ ಫೆಬ್ರವರಿ 24ರಂದು ರಶಿಯದ ಸೈನ್ಯ ಉಕ್ರೇನನ್ನು ಹೊಕ್ಕಾಗ ಅಲ್ಲಿ ಭಾರತದ ಸಾವಿರಾರು ವಿದ್ಯಾರ್ಥಿಗಳಿದ್ದರು. ಮುಂದಿನ ವಾರಗಳಲ್ಲಿ 20,000ಕ್ಕೂ ಹೆಚ್ಚು ಭಾರತೀಯರು ಅಲ್ಲಿಂದ ಹಿಂದಿರುಗಿದರು. ಹಿಂದಿರುಗಲಾಗದೆ ಹೋದವನು ಚಳಗೇರಿಯ ನವೀನ್. ಹಾರ್ಕೀವ್ ನಗರದಲ್ಲಿ ಮಾರ್ಚ್ 1ರಂದು ಆಹಾರದ ಸಾಮಾನು ತರಲು ನೆಲಮಾಳಿಗೆಯಿಂದ ಹೊರಗೆ ಬಂದವನು ಶೆಲ್ ದಾಳಿಗೆ ಸಿಕ್ಕಿ ಮಡಿದನು. ಇಪ್ಪತ್ತೊಂದು ವರ್ಷದ ಹುಡುಗ. ಪಿಯುಸಿಯಲ್ಲಿ 97 ಪ್ರತಿಶತ ಅಂಕಗಳನ್ನು ಪಡೆದರೂ ಇಲ್ಲಿ ವೈದ್ಯಕೀಯ ಸೀಟು ದೊರೆಯದೆ ಅಷ್ಟು ದೂರ ಕಳಿಸಬೇಕಾಯಿತೆಂದು ಅವನ ತಂದೆ ಪತ್ರಿಕೆಯವರೊಡನೆ ನುಡಿದಿದ್ದರು. ಮೂರು ವಾರಗಳಾದ ಮೇಲೆ ಊರಿಗೆ ಬಂದ ದೇಹವನ್ನು ಕುಟುಂಬದವರು ವಿಧಿಗಳನ್ನು ಮುಗಿಸಿ, ದಾವಣಗೆರೆಯ ಒಂದು ವೈದ್ಯಕೀಯ ಮಹಾವಿದ್ಯಾಲಯಕ್ಕೆ ದಾನವಾಗಿ ಕೊಟ್ಟರು. ಓದಲು ಬಯಸಿದ ವಿದ್ಯೆಗೆ ಆ ಹುಡುಗ ಕಡೆಗೆ ಪಾಠವಾಗಿ ಒದಗಿದನು. ಲಾವಣಿಕಾರನೊಬ್ಬನ ಕೈಗೆ ಈ ಕಥೆ ಸಿಕ್ಕಿದ್ದರೆ ಯಾವ ಅಲಂಕಾರವನ್ನೂ ಸೇರಿಸುವ ಕೆಲಸ ಅವನಿಗಿರಲಿಲ್ಲ. ಪತ್ರಿಕೆಗಳು ಅದನ್ನು ವಿವರವಾಗಿಯೇ ವರದಿ ಮಾಡಿದುವು. ಸೀಟು, ಶುಲ್ಕ, ಪರೀಕ್ಷೆಗಳ ವಿಚಾರದಲ್ಲಿ ಹತ್ತು ದಿನ ಚರ್ಚೆ ನಡೆಯಿತು. ಅನಂತರ ಹೊಸ ವಾರ್ತೆಗಳು ಬಂದುವು, ಪುಟ ತುಂಬಿತು. ಪತ್ರಿಕೆಯ ಧರ್ಮವೇ ಅದು. ಹಾಡು ನೂರು ವರ್ಷ ನೆನಪಿಡುವುದನ್ನು ಸುದ್ದಿ ಹತ್ತು ದಿನ ನೆನಪಿಡುತ್ತದೆ.

ಅದೇ ಮಾರ್ಚ್ ತಿಂಗಳಿನಲ್ಲಿ ನಮ್ಮೂರ ಕಟ್ಟೆಯ ಮೇಲೆ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಮಾಸ್ತರ್ರ, ಅಲ್ಲೆಲ್ಲೋ ಜಗಳ ಹತ್ತಿದರ ನಮ್ಮ ಒಲಿ ಮ್ಯಾಲಿನ ಎಣ್ಣಿ ಯಾಕ ತುಟ್ಟಿ ಆಗಬೇಕ್ರಿ?" ಆ ಪ್ರಶ್ನೆಯಲ್ಲಿ ಹಲಗಲಿಯ ಲಾವಣಿಕಾರನ ಬುದ್ಧಿಯೇ ಇದ್ದಿತು. ಉತ್ತರ ಕೊಡಲು ಹೊರಟರೆ ಅರ್ಧ ಯೂರೋಪಿನ ಕಥೆಯನ್ನು ಹೇಳಬೇಕಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಮಾರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಪರದೇಶದ್ದು; ಯುದ್ಧಕ್ಕೆ ಮುಂಚೆ ಅದರಲ್ಲಿ ಹೆಚ್ಚಿನ ಅಂಶ ಉಕ್ರೇನಿನಿಂದ ಬರುತ್ತಿದ್ದಿತು. ಕಪ್ಪುಸಮುದ್ರದ ಬಂದರುಗಳು ಮುಚ್ಚಿದೊಡನೆ ಇಲ್ಲಿ ಬೆಲೆ ಏರಿತು. ಇದು ಕಥೆಯ ಒಂದು ತುದಿ. ಇನ್ನೊಂದು ತುದಿ ನಮ್ಮ ಎರೆಹೊಲದಲ್ಲಿಯೇ ಇದೆ. ಸೂರ್ಯಕಾಂತಿ ಮೂಲತಃ ಅಮೆರಿಕ ಖಂಡದ ಹೂವು; ಅದನ್ನು ಎಣ್ಣೆಯ ಬೆಳೆಯನ್ನಾಗಿ ಬೆಳೆಸಿದವರು ರಶಿಯ, ಉಕ್ರೇನುಗಳ ರೈತರು ಮತ್ತು ವಿಜ್ಞಾನಿಗಳು. 1969ರಲ್ಲಿ ಪೆರಿಡೋವಿಕ್, ಅರ್ಮಾವಿರ್‌ಸ್ಕಿ ಮುಂತಾದ ಸೋವಿಯತ್ ತಳಿಗಳ ಬೀಜ ಭಾರತಕ್ಕೆ ಬಂದು, 1970ರ ದಶಕದಿಂದ ಇಲ್ಲಿ ಬೇಸಾಯ ಹಬ್ಬಿತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ತಳಿ 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಜೋಳದ ಹೊಲಕ್ಕೆ ಮುಳ್ಳಿನ ಬೇಲಿಯಂತೆ ಕುಸುಬಿಯ ಸಾಲು ಹಾಕಿ, ಗಾಣದ ಕುಸುಬಿ ಎಣ್ಣೆಯನ್ನೇ ಉಣ್ಣುತ್ತಿದ್ದ ನಮ್ಮ ಮನೆಗಳಲ್ಲಿ ಸೂರ್ಯಕಾಂತಿಯ ಡಬ್ಬಿ ಬಂದು ಕುಳಿತದ್ದು ಹೀಗೆ. ಕಟ್ಟೆಯ ಹಿರಿಯರು ಇದನ್ನೆಲ್ಲ ಕೇಳಿ, "ಹಂಗಾದ್ರ ಅವ್ರೂ ನಮ್ಮಂಗ ಹೊಲದವರs" ಎಂದರು. ವಿದೇಶ ವಾರ್ತೆಯ ಒಂದು ಅಂಕಣ ಅಷ್ಟು ಮಾತನ್ನು ಹೊರಡಿಸಿದ್ದರೆ ಅದರ ಜನ್ಮ ಸಾರ್ಥಕವಾಗುತ್ತಿತ್ತು.

ಯೂರೋಪಿನ ಜನ ಅದೇ ವರ್ಷ ತಮ್ಮ ಸುದ್ದಿಯನ್ನೂ ಹಾಡನ್ನೂ ಹೇಗೆ ಕೂಡಿಸಿದರೆಂಬುದನ್ನು ನೋಡುವುದು ಬೋಧಪ್ರದವಾಗಿದೆ. ಆ ಖಂಡದ ದೇಶಗಳೆಲ್ಲ ವರ್ಷಕ್ಕೊಮ್ಮೆ ಹಾಡಿನಲ್ಲಿ ಸ್ಪರ್ಧಿಸುವ 'ಯೂರೋವಿಷನ್' ಎಂಬ ಮೇಳವೊಂದಿದೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಮೊದಲಾದುದು. ಗಂಭೀರ ವಿಮರ್ಶಕರು ಅದನ್ನು ಅಗ್ಗದ ಮನರಂಜನೆಯೆಂದು ಹಳಿಯುವುದುಂಟು. 2022ರಲ್ಲಿ ರಶಿಯವನ್ನು ಆ ಸ್ಪರ್ಧೆಯಿಂದ ಹೊರಗಿಟ್ಟರು. ಮೇ 14ರಂದು ಇಟಲಿಯ ತೂರಿನ್ ನಗರದಲ್ಲಿ ಗೆದ್ದುದು ಉಕ್ರೇನಿನ 'ಕಲೂಶ್ ಆರ್ಕೆಸ್ಟ್ರಾ' ಎಂಬ ಮೇಳ, ಹಾಡು 'ಸ್ಟೆಫಾನಿಯಾ'. ಹಾಡುಗಾರ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿದ ಹಾಡದು. ಯುದ್ಧಕ್ಕೆ ಮುಂಚೆಯೇ ಅದನ್ನು ರಚಿಸಿದ್ದರು. ಹಳ್ಳಿಯ ಕೊಳಲನ್ನು ಇಂದಿನ ಮಾತುಗಾರಿಕೆಯ ಲಯದೊಡನೆ ಬೆರೆಸಿದ್ದರು. ಯುದ್ಧ ಬಂದ ಮೇಲೆ ಆ ತಾಯಿ ಒಬ್ಬನ ತಾಯಿಯಾಗಿ ಉಳಿಯಲಿಲ್ಲ. ಜನ ಅವಳಲ್ಲಿ ತಮ್ಮ ನಾಡನ್ನೇ ಕಂಡರು. ಗರತಿಯರ ತ್ರಿಪದಿಗಳಲ್ಲಿ ಹಡೆದವ್ವನ ನೆನಪು ಹೇಗೆ ತವರಿನ ನೆನಪೂ ಆಗುತ್ತದೆ ಎಂಬುದನ್ನು ಬಲ್ಲ ನಮಗೆ ಇದು ಅಪರಿಚಿತವಾದ ಮಾರ್ಗವಲ್ಲ.

ಅಲ್ಲಿ ನಡೆದುದೆಲ್ಲ ಆದರ್ಶವೆಂದು ಇದರ ಅರ್ಥವಲ್ಲ. ಗೆದ್ದ ಮೇಳದವರು ತಮ್ಮ ಪಾರಿತೋಷಕವನ್ನೇ ಹರಾಜು ಹಾಕಿ, ಬಂದ 9 ಲಕ್ಷ ಡಾಲರುಗಳನ್ನು ತಮ್ಮ ಸೈನ್ಯಕ್ಕೆ ಡ್ರೋನುಗಳನ್ನು ಕೊಳ್ಳಲು ಕೊಟ್ಟರು. ತಾಯಿಯ ಹಾಡು ಆಯುಧವಾಯಿತು. ಮುತ್ತಿಗೆಯಲ್ಲಿ ಸಿಕ್ಕಿದವರನ್ನು ಕುರಿತು ದೂರದಲ್ಲಿ ಕುಳಿತ ನಾನು ತೀರ್ಪು ಕೊಡಲಾರೆ. ಹತಾರು ಬಿಡೆವೆಂದ ಹಲಗಲಿಯವರನ್ನು ಹಾಡಿ ಹೊಗಳಿದ ನಾಡಿನವನಿಗೆ ಆ ಅಧಿಕಾರವೂ ಕಡಿಮೆ. ಆದರೂ ಮನಸ್ಸು ಒಂದು ಕ್ಷಣ ಅಳುಕುತ್ತದೆ. ಸುದ್ದಿಗೆ ತೀರ ಹತ್ತಿರ ಹೋದ ಹಾಡು ತನ್ನ ಹಾಡುತನವನ್ನು ಪಣಕ್ಕಿಡಬೇಕಾಗುತ್ತದೆ ಎಂಬ ಎಚ್ಚರ ನಮಗಿರಬೇಕು. 2025ರ ಮೇ ತಿಂಗಳಿನಲ್ಲಿ ಇದೇ ಮೇಳ ಬಾಸೆಲ್ ನಗರದಲ್ಲಿ ಕೂಡಿತು. ಮೋಗ್ಲಿಂಗನನ್ನು, ನಿಘಂಟಿನ ಕಿಟ್ಟೆಲ್ಲನನ್ನು ನಮ್ಮಲ್ಲಿಗೆ ಕಳಿಸಿದ ಮಿಶನ್ನಿನ ಊರದು. ಗುಳೇದಗುಡ್ಡದ ನೇಕಾರರಿಗೂ ಆ ಹೆಸರು ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆಗೆ ಮೂಲವಾದ ಊರಿನ ಹೆಸರು ಪತ್ರಿಕೆಯ ಮನರಂಜನೆಯ ಮೂಲೆಯಲ್ಲಿ ಬಂದುಹೋದಾಗ ನಾವು ಅದನ್ನು ಗುರುತಿಸದೆ ಇದ್ದರೆ, ಸುದ್ದಿ ನಮ್ಮ ಮನೆಗೆ ಬಂದರೂ ಮನೆಯೊಳಗೆ ಬರಲಿಲ್ಲವೆಂದೇ ಹೇಳಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. "ನಮ್ಮ ಹುಡುಗ ಸತ್ತರೆ, ನಮ್ಮ ಎಣ್ಣೆ ಏರಿದರೆ ಮಾತ್ರ ಯೂರೋಪಿನ ಸುದ್ದಿ ಸುದ್ದಿಯೆ? ಅಲ್ಲಿ ಸತ್ತವರ ಸಾವಿಗೆ ಬೆಲೆಯಿಲ್ಲವೆ? ಇದು ಸ್ವಾರ್ಥದ ಓದಲ್ಲವೆ?" ಎಂದು ಸಹೃದಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ನನ್ನ ಸಮಾಧಾನವಿಷ್ಟು. ಹಲಗಲಿ ನಿಡೋಣಿಯಲ್ಲ. ಅಲ್ಲಿ ಸುಟ್ಟುಹೋದುದು ನಮ್ಮ ಮನೆಯಲ್ಲ, ಲೂಟಿಯಾದುದು ನಮ್ಮ ಉಪ್ಪಲ್ಲ. ಆದರೂ ಆ ಹಾಡನ್ನು ಕೇಳಿದ ನಮ್ಮವರು ತಮ್ಮದೇ ಮನೆ ಸುಟ್ಟಂತೆ ನಿಟ್ಟುಸಿರಿಟ್ಟರು. ಏಕೆಂದರೆ ಹಾಡಿನಲ್ಲಿ ಬಂದ ಗಡಿಗೆ ಅವರಿಗೆ ಪರಿಚಿತವಾದುದು. ಪರಿಚಿತವಾದ ಗಡಿಗೆಯ ಮೂಲಕ ಅಪರಿಚಿತನ ಮನೆಯನ್ನು ಹೊಗುವುದೇ ಮಾನವಸಹಜವಾದ ದಾರಿ. ಒಮ್ಮೆ ಒಳಹೊಕ್ಕ ಮೇಲೆ ಗಡಿಗೆ ನೆಪ ಮಾತ್ರ. ಸ್ವಂತದ ನೋವು ಹೊಸ್ತಿಲು. ಅಲ್ಲಿಯೇ ನಿಂತವನು ಸ್ವಾರ್ಥಿ, ದಾಟಿದವನು ಓದುಗ.

ದಾಟಿಸಿದ ನಿದರ್ಶನ ನಮ್ಮ ಸಾಹಿತ್ಯದಲ್ಲಿಯೇ ಇದೆ. ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಸ್ಕಾಟ್ಲೆಂಡಿನ ಕಥೆಯೊಂದನ್ನು 'ಕಾರಿಹೆಗ್ಗಡೆಯ ಮಗಳು' ಎಂದು ಕನ್ನಡಕ್ಕೆ ತಂದರು. ಮೂಲದ ಲಾರ್ಡ್ ಉಲ್ಲಿನ್ ನಮ್ಮ ಹೆಗ್ಗಡೆಯಾದ. ತಂದೆಯ ಕೋಪಕ್ಕೆ ಹೆದರಿ ನಲ್ಲನೊಡನೆ ಬಿರುಗಾಳಿಯ ನೀರಿಗೆ ದೋಣಿಯಿಳಿಸಿದ ಆ ಹುಡುಗಿಗಾಗಿ ಮೂರು ನಾಲ್ಕು ತಲೆಮಾರಿನ ಕನ್ನಡ ಮಕ್ಕಳು ಕಣ್ಣೀರಿಟ್ಟಿದ್ದಾರೆ. ಸ್ಕಾಟ್ಲೆಂಡ್ ಎಲ್ಲಿದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ ಕಾಣೆ; ಆದರೆ ಆ ತಂದೆ ದಡದಲ್ಲಿ ನಿಂತು ಮಗಳನ್ನು ಕೂಗಿದ್ದು ಅವರಿಗೆ ಗೊತ್ತು. ಶ್ರೀಯವರು ಕೊಟ್ಟದ್ದು ಹೆಗ್ಗಡೆಯೆಂಬ ಒಂದು ಹೆಸರು. ಆ ಹೆಸರಿನ ಹೊಸ್ತಿಲಿನಿಂದ ಒಂದು ಭಾಷೆಯ ಜನ ಇನ್ನೊಂದು ದ್ವೀಪದ ದುಃಖದೊಳಗೆ ನಡೆದುಹೋದರು. ಇಂದಿನ ಉಕ್ರೇನಿನ, ಪೋಲೆಂಡಿನ, ಗ್ರೀಸಿನ ಹಾಡುಗಳಿಗೆ ಕನ್ನಡದಲ್ಲಿ ಅಂಥ ಹೆಸರು ಕೊಡುವವರು ಬೇಕಾಗಿದ್ದಾರೆ. ಯೂರೋಪೆಂದರೆ ನಮಗೆ ಈಗಲೂ ಬಹುಮಟ್ಟಿಗೆ ಇಂಗ್ಲಿಷಿನ ಕಿಟಕಿಯಿಂದ ಕಾಣುವ ಯೂರೋಪೇ. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಜೈಡೆನ್‌ಬಾಸ್ ಅವರಂಥವರು ಕುಳಿತು ಕನ್ನಡವನ್ನು ಕನ್ನಡದಿಂದಲೇ ಓದಿ ಪಾಠ ಹೇಳಿದ್ದಾರೆ. ನಮ್ಮ ವಿಶ್ವವಿದ್ಯಾನಿಲಯಗಳಿಂದಲೂ ಆ ಭಾಷೆಗಳನ್ನು ಕಲಿತು ನೇರವಾಗಿ ತರುವ ತರುಣರು ಹೆಚ್ಚು ಮಂದಿ ಹೊರಡಬೇಕು.

ವಿಲಾಯತಿಯಿಂದ ಹುಕುಮುಗಳು ಬರುವುದು ನಿಂತಿಲ್ಲವೆಂಬುದನ್ನೂ ನೆನೆಯಬೇಕು. ತಿಕೋಟಾ, ಬಬಲೇಶ್ವರಗಳ ಸುತ್ತಿನ ದ್ರಾಕ್ಷಿಯ ತೋಟದವರನ್ನು ಕೇಳಿದರೆ ಇದು ತಿಳಿಯುತ್ತದೆ. ಯಾವ ಔಷಧಿಯ ಎಷ್ಟು ಅಂಶ ಹಣ್ಣಿನಲ್ಲಿ ಉಳಿಯಬಹುದೆಂದು ಗೊತ್ತುಮಾಡುವ ಪಟ್ಟಿಯೊಂದು ಯೂರೋಪಿನಲ್ಲಿ ಸಿದ್ಧವಾಗುತ್ತದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷ ಕಂಡುಬಂದುದರಿಂದ ಭಾರತದ ದ್ರಾಕ್ಷಿಯನ್ನು ಅಲ್ಲಿ ತಡೆದರು. ಸಾಗಿಸಿದವರಿಗೂ ಬೆಳೆದವರಿಗೂ ಭಾರಿ ನಷ್ಟವಾಯಿತು. ಉಣ್ಣುವವನ ಆರೋಗ್ಯದ ದೃಷ್ಟಿಯಿಂದ ಆ ಹುಕುಮು ನ್ಯಾಯವಾದುದೇ ಇದ್ದೀತು. 1857ರ ಹುಕುಮಿಗೂ ಇದಕ್ಕೂ ಅಜಗಜಾಂತರವಿದೆ. ನ್ಯಾಯವೋ ಅನ್ಯಾಯವೋ ಎಂದು ವಿಚಾರ ಮಾಡುವುದಕ್ಕಾದರೂ ಅದು ನಮ್ಮ ಭಾಷೆಯಲ್ಲಿ, ನಮ್ಮ ತೋಟದ ಅಳತೆಯಲ್ಲಿ, ನಮಗೆ ಮೊದಲೇ ತಿಳಿಯಬೇಕಷ್ಟೆ. ನಷ್ಟವಾದ ಮೇಲೆ ತಿಳಿಯುವ ಸುದ್ದಿಗೆ ಸುದ್ದಿಯೆಂದು ಹೆಸರಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಸೂಚನೆ. ವಾರಕ್ಕೊಮ್ಮೆ ಯೂರೋಪಿನ ಒಂದು ಸುದ್ದಿಯನ್ನೂ ಒಂದು ಹಾಡನ್ನೂ ತರಗತಿಗೆ ತರೋಣ. ಸುದ್ದಿಯನ್ನು ಮೂರು ಪ್ರಶ್ನೆಗಳಿಂದ ಓದೋಣ: ಇದು ಯಾರ ಮನೆಯಲ್ಲಿ ನಡೆಯಿತು, ಆ ಮನೆಯಲ್ಲಿ ಏನನ್ನು ಉಣ್ಣುತ್ತಿದ್ದರು, ನಮ್ಮ ಮನೆಗೂ ಅದಕ್ಕೂ ನಡುವಣ ದಾರಿ ಯಾವುದು. ಹಾಡನ್ನು ಒಂದು ಪ್ರಶ್ನೆಯಿಂದ ಓದೋಣ: ಇದು ಯಾವ ನೆಲದ ಮೇಲೆ ನಿಂತು ಹಾಡಿದುದು. ಉತ್ತರಗಳು ದೊರೆತರೆ ಕನ್ನಡದಲ್ಲಿ ಬರೆಯೋಣ. ಪದ್ಯದಲ್ಲಿ ಬರೆಯಬಲ್ಲವರು ಪದ್ಯದಲ್ಲಿ ಬರೆಯಲಿ. ನಮ್ಮ ಕಡೆಯ ಟ್ರ್ಯಾಕ್ಟರುಗಳ ಧ್ವನಿವರ್ಧಕಗಳಲ್ಲಿ ಹೊಸ ಜಾನಪದ ಹಾಡುಗಳು ದಿನವೂ ಮೊಳಗುತ್ತಿವೆ. ಅವುಗಳನ್ನು ಕಟ್ಟುವ ತರುಣರಿಗೆ ಲಯದ ಕೊರತೆಯಿಲ್ಲ, ಕೇಳುವ ಜನರ ಕೊರತೆಯಂತೂ ಇಲ್ಲವೇ ಇಲ್ಲ. ಹುಡುಗಿಯ ಸೀರೆ, ಹುಡುಗನ ಟ್ರ್ಯಾಕ್ಟರುಗಳ ಜೊತೆಗೆ ಚಳಗೇರಿಯ ಹುಡುಗನಿಗೂ, ಹಾರ್ಕೀವ್ ನಗರದ ರೊಟ್ಟಿಯಂಗಡಿಯ ಮುಂದಿನ ಸಾಲಿಗೂ ಅದರಲ್ಲಿ ಎಡೆ ದೊರೆಯಲಾರದೆ?

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಇಂದೂ ವಿಜಯಪುರದಲ್ಲಿ ಸುತ್ತಣ ಹಳ್ಳಿಗಳ ಜನ ನೆರೆಯುತ್ತಾರೆ. ಜಾತ್ರೆಯಿಂದ ಮನೆಗೆ ಹೋಗುವವನು ಒಂದು ಸುದ್ದಿಯನ್ನು ಹಾಡಿನ ರೂಪದಲ್ಲಿ ಬಾಯಲ್ಲಿಟ್ಟುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಅವನಿಗೆ ಅಕ್ಷರ ಬರುತ್ತಿರಲಿಲ್ಲ; ಆದರೆ ವಿಲಾಯತಿ ಏನು ಮಾಡಿತೆಂದೂ ಯಾರಿಗೆ ಮಾಡಿತೆಂದೂ ಅವನು ಬಲ್ಲವನಾಗಿದ್ದ. ಅಕ್ಷರವನ್ನು ಕಲಿತ ನಾವು ಅವನಿಗಿಂತ ಕಡಿಮೆ ಬಲ್ಲವರಾಗಬಾರದು.